ಅವ್ವನ ನಲವತ್ತು ಬುಟ್ಟಿ

ಕೊಯ್ನಾ ಕಡೆ ಭೂಮಿ ನಡುಗಿದ ಆ ಡಿಸೆಂಬರಿನ ನಸುಕಿನಲ್ಲಿ, ಸಾರವಾಡದ ನಮ್ಮ ಮನೆಯ ತೊಟ್ಟಿಲು ತಾನಾಗಿಯೇ ತೂಗಿತು. ಮಾಳಿಗೆಯ ಮಣ್ಣು ಹಿಟ್ಟು ಸಾಣಿಸಿದ ಹಾಗೆ ಉದುರುತ್ತಿತ್ತು, ಒಳಗೆ ಮಲಗಿದ್ದ ಕೂಸು ನಗುತ್ತಿತ್ತು. ಹೆಂಡತಿ ಸಕ್ರವ್ವ ಅದನ್ನೆತ್ತಿಕೊಂಡು ಅಂಗಳಕ್ಕೆ ಓಡಿದವಳು ಮತ್ತೆ ಹೊಸ್ತಿಲು ದಾಟಲಿಲ್ಲ. ಬೇವಿನ ಗಿಡದ ಕೆಳಗೇ ಒಲೆ, ಅಲ್ಲೇ ಹಾಸಿಗೆ. ಚಳಿಗೆ ಕೂಸಿಗೆ ಕೆಮ್ಮು ಹತ್ತಿತು. ನನಗೆ ಸಿಟ್ಟು ಬಂದದ್ದು ಮನೆಯ ಮೇಲಲ್ಲ, ಅವಳ ಮೇಲೆ.

ಗೌಂಡಿ ಗೈಬುಸಾಬನನ್ನು ಕರೆಸಿದೆ. ಮೂಲೆಗಳಲ್ಲಿ ಗೋಡೆಯ ಎರಡೂ ಮೈ ಹಿಡಿಯುವಂಥ ಉದ್ದ ಕಲ್ಲು ಕೂರಿಸಿ, ನಾಲ್ಕೂ ಗೋಡೆಗಳನ್ನು ಮರದ ಪಟ್ಟಿಯಿಂದ ಬಿಗಿಯಬೇಕೆಂದ. ಹೂಂ ಅಂದೆ. ಆಮೇಲೆ ಏಣಿ ಹತ್ತಿ ಮಾಳಿಗೆಗೆ ಸಲಾಕೆ ಚುಚ್ಚಿದ. ಅದು ಒಂದು ಮೊಳಕ್ಕಿಂತ ಹೆಚ್ಚೇ ಇಳಿಯಿತು.

"ತಮ್ಮಾ, ಭೂಮಿ ಅಲುಗಿದ್ರ ಮನಿನೂ ಅದರ ಜೋಡಿ ಅಲುಗಬೇಕು. ತಲಿ ಮ್ಯಾಲ ಇಷ್ಟ ಭಾರ ಹೊತ್ತದ್ದು ಬೀಳತೈತಿ. ಅರ್ಧ ಮಣ್ಣ ಇಳಸು."

ಒಲ್ಲೆ ಎಂದೆ. ಪ್ರತಿ ಮಳೆಗಾಲಕ್ಕೆ ಮುಂಚೆ ಮನೆಯವರೆಲ್ಲ ತಲೆಗೊಂದು ಬುಟ್ಟಿ, ನೀರು ಇಳಿಯಗೊಡದ ಕರಲು ಮಣ್ಣನ್ನು ಮಾಳಿಗೆಗೆ ಹೊರುವುದು ನಮ್ಮ ಪದ್ಧತಿ. ಹಳೆಯದನ್ನು ಯಾರೂ ತೆಗೆದವರಲ್ಲ. ಹೋದ ವರ್ಷ ತೀರಿಕೊಂಡ ಅವ್ವ ಪರಸವ್ವನ ನಲವತ್ತು ಬುಟ್ಟಿ ಅಲ್ಲೇ ಇತ್ತು. ಅದರ ಕೆಳಗೆ ಮಲಗಿದರೆ ಅವಳ ಸೆರಗು ಹೊದ್ದಂತಾಗುತ್ತಿತ್ತು.

ಸಕ್ರವ್ವ ಜಗಳವಾಡಲಿಲ್ಲ. ಕೂಸಿನ ಎದೆಗೆ ಎಣ್ಣೆ ತಿಕ್ಕುತ್ತ ಹೇಳಿದಳು: "ಅತ್ತಿ ಮಣ್ಣ ಹೊತ್ತದ್ದು ನೀವು ತೋಯಬಾರದಂತರಿ. ಮುಚ್ಚಿಹೋಗಲಿ ಅಂತಲ್ಲ."

ಮುಖ ಊದಿಸಿಕೊಂಡು ಒಳಗೆ ಹೋಗಿ ಒಬ್ಬನೇ ಮಲಗಿದೆ. ಮಧ್ಯಾಹ್ನದ ಜೊಂಪಿನಲ್ಲಿ ಅವ್ವ ಕಂಡಳು. ಏಣಿಯ ತುದಿಯಲ್ಲಿ, ತಲೆಯ ಮೇಲೆ ಬುಟ್ಟಿ. ಮನೆಯೆಲ್ಲ ನೀರಿನ ಮೇಲಿದ್ದಂತೆ ಮೆಲ್ಲಗೆ ತೂಗುತ್ತಿತ್ತು. ಮಣ್ಣು ಹೊತ್ತವರಿಗೆ ಬುಟ್ಟಿ ಇಳಿಸಲು ಇನ್ನೊಬ್ಬರ ಕೈ ಬೇಕು. ಅವಳು ನನ್ನ ಕೈಗಾಗಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಎದ್ದವನೇ ಏಣಿ ಹಾಕಿ ಮೊದಲ ಬುಟ್ಟಿಯನ್ನು ನಾನೇ ಇಳಿಸಿದೆ. ಇಳಿದ ಮಣ್ಣಿನಿಂದ ಸಕ್ರವ್ವ ಬೇವಿನ ಗಿಡಕ್ಕೆ ಕಟ್ಟೆ ಹಾಕಿದಳು.

ಸಂಕ್ರಮಣದ ಹೊತ್ತಿಗೆ ಗೈಬುಸಾಬನ ಕೆಲಸ ಮುಗಿಯಿತು. ಸಕ್ರವ್ವ ಒಳಗೆ ಬಂದು ಕೂಸನ್ನು ತೊಟ್ಟಿಲಿಗೆ ಹಾಕಿ, ಜೋರಾಗಿ ತೂಗಿ ಕೈ ಬಿಟ್ಟಳು. ಇಬ್ಬರೂ ಮೇಲೆ ನೋಡುತ್ತ ನಿಂತೆವು. ತೊಲೆ ಕಿರುಗುಟ್ಟಿತು, ಮಣ್ಣು ಉದುರಲಿಲ್ಲ. ತೊಟ್ಟಿಲು ತಾನಾಗಿ ನಿಂತ ಮೇಲೆ ಅವಳು ಹೊರಗೆ ಹೋಗಿ ಹಾಸಿಗೆ ತಂದಳು. ನಾನು ಅತ್ತುಬಿಟ್ಟೆ. ಅವ್ವ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ.