ಮೂರನೆಯ ಪ್ರಕಟಣೆ

ಫೆಬ್ರವರಿಯ ಮುಂಜಾವು ಶಿಡ್ಲಘಟ್ಟದ ಮೇಲೆ ಇಳಿದುಬರುವ ಬಗೆಯನ್ನು ನೀವು ಕಂಡಿದ್ದೀರಾ, ಸಹೃದಯರೇ? ಅಲ್ಲಿ ಬೆಳಕಿಗಿಂತ ಮೊದಲು ಹಬೆ ಏಳುತ್ತದೆ... ಗಲ್ಲಿಗಲ್ಲಿಯ ರೇಷ್ಮೆ ನೂಲು ಬಿಚ್ಚುವ ಮನೆಗಳ ಶೀಟಿನ ಸಂದಿಯಿಂದ, ಗೋಡೆಯ ಕಿಂಡಿಯಿಂದ, ಅರೆತೆರೆದ ಬಾಗಿಲಿನಿಂದ ಸುರುಳಿಸುರುಳಿಯಾಗಿ ಮೇಲೇರಿ, ಇನ್ನೂ ಕಣ್ಣು ಬಿಡದ ಆಕಾಶದ ಕೆನ್ನೆಯನ್ನು ಸವರುತ್ತದೆ. ಆ ಧವಳಧೂಮದ ಮೇಲೆ ಅರುಣನ ಮೊದಲ ಕಿರಣ ಬಿದ್ದೊಡನೆ ಊರಿಗೆ ಊರೇ ಹೊಂಬಣ್ಣದ ಒಂದು ತೆಳುಪರದೆಯ ಹಿಂದೆ ನಿಂತಂತೆ ಕಾಣುತ್ತದೆ. ಆಚೆ ಹಿಪ್ಪುನೇರಳೆಯ ತೋಟಗಳು ಇಬ್ಬನಿಯ ಭಾರಕ್ಕೆ ತಲೆಬಾಗಿ, ಅವುಗಳಾಚೆಯ ಬೋಳುಬೆಟ್ಟಗಳು ನಸುನೀಲಿಯ ಮೌನದಲ್ಲಿ ಅದ್ದಿಹೋಗಿ... ಆಹಾ, ಎಂಥ ರಮ್ಯತೆ!

ಆದರೆ ಇನ್ನೆರಡು ಹೆಜ್ಜೆ ಹತ್ತಿರ ಬನ್ನಿ. ಮೂಗು ಮುಚ್ಚಿಕೊಳ್ಳುತ್ತೀರಿ. ಕುದಿನೀರಿನಲ್ಲಿ ಬೆಂದ ಹುಳುವಿನ ಆ ವಾಸನೆ ಗಂಟಲಿಗೆ ಇಳಿದು ಕುಳಿತುಬಿಡುತ್ತದೆ; ಬೆಳಗಿನ ತಿಂಡಿಯನ್ನು ಹೊಟ್ಟೆಯಲ್ಲಿ ನಿಲ್ಲಗೊಡುವುದಿಲ್ಲ. ನಾನು ಹೇಳಹೊರಟ ದುರ್ಗಂಧ ಮಾತ್ರ ಅದಲ್ಲ. ಬಾಣಲೆಯ ವಾಸನೆ ದುಡಿಮೆಯದು, ಸೋಪು ಹಾಕಿ ತೊಳೆದರೆ ಹೋಗುವಂಥದು. ಇನ್ನೊಂದು, ಬಿಳಿ ಸುಣ್ಣ ಬಳಿದ ಒಂದು ಪುಟ್ಟ ದೇವಾಲಯದ ಹಿಂಬದಿಯ ಕೋಣೆಯಿಂದ ಎದ್ದದ್ದು... ಅದು ಇಂದಿಗೂ ನನ್ನ ಮೂಗಿನಿಂದ ಹೋಗಿಲ್ಲ.

ಹರಿಣಿಗೆ ಆಗ ಇಪ್ಪತ್ತನಾಲ್ಕು. ಆರು ವರ್ಷದಿಂದ ಬಾಣಲೆಯ ಮುಂದೆ ಕುಳಿತು, ಬೆಂದ ಗೂಡಿನ ಎಳೆಯ ತುದಿ ಹುಡುಕಿ ಚರಕಕ್ಕೆ ಕೊಡುವ ಕೆಲಸ ಅವಳದು. ಬಿಸಿನೀರಿನಲ್ಲಿ ನೆನೆನೆನೆದು ಬೆಳ್ಳಗೆ ನೆರಿಗೆಗಟ್ಟಿದ ಆ ಬೆರಳುಗಳನ್ನು ಅವಳು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಿದ್ದದ್ದು ಒಬ್ಬನ ಎದುರಿಗೆ ಮಾತ್ರ. ಸುನೀಲ್‌ಕುಮಾರ್ ಗೌರಿಬಿದನೂರಿನ ಆಚೆ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಯಂತ್ರ ನಡೆಸುವವನು. ವಾರವೆಲ್ಲ ಅಲ್ಲೇ ಬಾಡಿಗೆ ಕೋಣೆ, ಶನಿವಾರ ಸಂಜೆ ಶಿಡ್ಲಘಟ್ಟದ ಬಸ್ಸು. ಚಿಕ್ಕಬಳ್ಳಾಪುರದಲ್ಲಿ ನಡೆದ ಯುವಜನರ ಪ್ರಾರ್ಥನಾಕೂಟದಲ್ಲಿ ಪರಿಚಯವಾದ ಈ ಇಬ್ಬರು ಮೂರು ವರ್ಷ ಪ್ರೀತಿಸಿದರು. ಮೂರು ವರ್ಷ ಕಾದರು. ಯಾರೂ ಹೇರಿದ ಕಾಯುವಿಕೆಯಲ್ಲ ಅದು. ಕೆರೆಯ ಏರಿಯ ಮೇಲೆ ಕುಳಿತ ಒಂದು ಸಂಜೆ, ಮುಳುಗುವ ಸೂರ್ಯನ ಕುಂಕುಮಕಾಂತಿ ನೀರಿನ ಮೇಲೆ ನಡುಗುತ್ತಿದ್ದಾಗ, ತಾವು ಕರ್ತನ ಮುಂದೆ ಕೈಹಿಡಿಯುವವರೆಗೆ ಒಬ್ಬರನ್ನೊಬ್ಬರು ಮುಟ್ಟುವುದು ಬೇಡವೆಂದು ಅವರೇ ಮಾತಾಡಿಕೊಂಡಿದ್ದರು. ದೇಹವೆಂದರೆ ಅವಳಿಗೆ ನಾಚಿಕೆಯ ವಸ್ತುವಾಗಿರಲಿಲ್ಲ. ದೇವರು ತನ್ನ ಕೈಯಲ್ಲಿಟ್ಟ ಹಣತೆಯಾಗಿತ್ತು. ಮನೆ ಕಟ್ಟಿ ಮುಗಿಯುವ ಮೊದಲು ಬಯಲಗಾಳಿಯಲ್ಲಿ ಅದನ್ನು ಹಚ್ಚುವುದು ಅವಳಿಗೆ ಬೇಕಿರಲಿಲ್ಲ, ಅಷ್ಟೆ. ಮುಂಗಾರಿಗೆ ಮುನ್ನ ನೆಲ ಮೋಡವನ್ನು ನೋಡುತ್ತ ಸುಮ್ಮನಿರುವುದಿಲ್ಲವೇ, ಹಾಗೆ... ಆ ಸುಮ್ಮನಿರುವಿಕೆಯಲ್ಲಿ ಎಷ್ಟು ದಾಹವಿತ್ತೆಂದು ಅವರಿಬ್ಬರಿಗೆ ಮಾತ್ರ ಗೊತ್ತು!

ಪಕ್ಕದ ಬಾಣಲೆಯ ಅಜೀಜಾಗೆ ಇದೆಲ್ಲ ತಮಾಷೆ. “ಏನಮ್ಮಾ ಮದುಮಗಳೇ, ನಿಮ್ಮ ಹುಡುಗ ಬಸ್ಸಲ್ಲಿ ಪಕ್ಕದ ಸೀಟಲ್ಲಿ ಕೂರೋಕೂ ಪಾಸ್ಟರ್ ಹತ್ರ ಲೆಟರ್ ತರ್ತಾನಾ?” ಎಂದು ಕೆಣಕುತ್ತಿದ್ದಳು. ಹರಿಣಿ ನಗುತ್ತಿದ್ದಳು, ಎಳೆ ಕಡಿಯದಂತೆ.

ಅವರ ಕ್ರೈಸ್ತ ಸಭೆಯಲ್ಲಿ ಮದುವೆಗೆ ಮುಂಚೆ ಮೂರು ಭಾನುವಾರ ಹೆಸರು ಕೂಗುತ್ತಾರೆ. ಇಂಥವರ ಮಗನಿಗೂ ಇಂಥವರ ಮಗಳಿಗೂ ವಿವಾಹ ನಿಶ್ಚಯವಾಗಿದೆ, ಅಡ್ಡಿ ಬಲ್ಲವರು ತಿಳಿಸಿರಿ ಎಂದು ಪಾಸ್ಟರ್ ಅಯ್ಯನವರು ಓದಿ, ಒಂದು ಕೆಮ್ಮು ಮುಗಿಯುವಷ್ಟು ಹೊತ್ತು ಕಾದು, ಹಾಳೆ ಮಡಿಚಿಡುವುದು ವಾಡಿಕೆ. ಮೂರನೆಯ ಪ್ರಕಟಣೆಯಾದ ಮೇಲೆ ಸಭಾಹಿರಿಯರ ಮನೆಯಾಕೆ ಹುಡುಗಿಯ ತಲೆಗೆ ಬಿಳಿ ಮುಸುಕು ಹೊದಿಸುತ್ತಾಳೆ. ‘ಹೆಸರು ಕೆಟ್ಟ’ ಹುಡುಗಿಗೆ ಮುಸುಕಿಲ್ಲ. ಬಣ್ಣದ ಸೀರೆ, ಪಕ್ಕದ ಬಾಗಿಲು, ಗಂಟೆ ಬಾರಿಸದ ಮದುವೆ. ಹೆಸರು ಕೆಟ್ಟ ಹುಡುಗನಿಗೆ? ಹಾಗೆಂದು ಕೇಳಿದವರೇ ಆ ಸಭೆಯ ಚರಿತ್ರೆಯಲ್ಲಿಲ್ಲ!

ಎರಡು ಪ್ರಕಟಣೆ ಸುಗಮವಾಗಿ ಮುಗಿದಿದ್ದವು. ಮೂರನೆಯ ಭಾನುವಾರದ ಮಾರನೆಯ ದಿನವೇ ಮದುವೆ. ಅದು ತಪ್ಪಿದರೆ ಬೂದಿ ಬುಧವಾರ, ಆಮೇಲೆ ಲೆಂಟ್ ಎಂಬ ಉಪವಾಸಕಾಲದ ನಲವತ್ತು ದಿನ ಸಭೆಯಲ್ಲಿ ಮದುವೆಯಿಲ್ಲ. ಅಷ್ಟರಲ್ಲಿ ಸಭಾಹಿರಿಯ ಚೆನ್ನರಾಯಪ್ಪ ಚಿಂತಾಮಣಿಯ ಪೇಟೆಗೆ ಹೋಗಿದ್ದಾಗ ಒಂದು ದೃಶ್ಯ ನೋಡಿದ. ಬಸ್ ನಿಲ್ದಾಣದ ಎದುರಿನ ಲಾಡ್ಜಿನ ಮೆಟ್ಟಿಲಿಳಿದು ಹರಿಣಿ, ಅವಳ ಹಿಂದೆ ಸುನೀಲ್‌ಕುಮಾರ್! ಅದೇ ಮೆಟ್ಟಿಲ ತುದಿಯಲ್ಲಿ, ಲಾಡ್ಜಿನ ಕೋಣೆಗಳಿಗಿಂತ ಮೊದಲ ಬಾಗಿಲಲ್ಲಿ, ದಸ್ತಗಿರ್ ಮಾಸ್ಟರರ ಹೊಲಿಗೆ ಅಂಗಡಿಯಿದೆ. ಮದುವೆಯ ರವಿಕೆಗೂ ಕೋಟಿಗೂ ಅಳತೆ ಕೊಟ್ಟು ಅವರು ಇಳಿಯುತ್ತಿದ್ದರು. ಚೆನ್ನರಾಯಪ್ಪ ಮೆಟ್ಟಿಲು ಹತ್ತಿ ನೋಡಲಿಲ್ಲ. ಹತ್ತಿದ್ದರೆ ಕಥೆಯೇ ಇರುತ್ತಿರಲಿಲ್ಲ... ಅಂಥವರಿಗೆ ಹತ್ತುವ ಆಸೆಯಾದರೂ ಎಲ್ಲಿರುತ್ತದೆ!

ಸೋಮವಾರ ಸಂಜೆ ತಾಯಿ ಅನಸೂಯಮ್ಮನನ್ನೂ ಮಗಳನ್ನೂ ಸಭಾಹಿರಿಯರು ದೇವಾಲಯದ ಹಿಂಬದಿಯ ಕೋಣೆಗೆ ಕರೆಸಿದರು. ಗಂಡ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಆ ದೇವಾಲಯದ ನೆಲ ಗುಡಿಸಿದ ಹೆಂಗಸು ಅನಸೂಯಮ್ಮ. ಅಂದು ಕೂರಲು ಅವಳಿಗೆ ಯಾರೂ ಕುರ್ಚಿ ತೋರಿಸಲಿಲ್ಲ. ನಾಲ್ವರು ಹಿರಿಯರು, ಮೇಜಿನ ಮೇಲೆ ಬಿಸ್ಕತ್ತಿನ ತಟ್ಟೆ. ಹೊಲಿಗೆ ಅಂಗಡಿಯ ಮಾತನ್ನು ಹರಿಣಿ ಹೇಳಿದಳು, ಅಳತೆಯ ಚೀಟಿಯನ್ನೂ ತೋರಿಸಿದಳು. ಚೀಟಿ ಯಾರಾದರೂ ಬರೆದುಕೊಡಬಹುದೆಂದರು. ಡಾಕ್ಟರ ಪತ್ರ ತರಬೇಕೆಂದರು. ಯಾವುದರ ಪತ್ರವೆಂದು ತಾಯಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವಳು ಮಗಳ ಸೆರಗನ್ನು ಎಳೆದು ಸರಿಪಡಿಸಿದಳು. ಚೆನ್ನರಾಯಪ್ಪ ಗೂಡಿನ ವ್ಯಾಪಾರಿ. ಮಾರುಕಟ್ಟೆಯ ಜಾಲರಿಯೊಳಗೆ ಮೊಣಕೈವರೆಗೆ ಕೈಯಿಟ್ಟು ಗೂಡನ್ನು ಹಿಸುಕಿ, ಕಿವಿಯ ಬಳಿ ಅಲ್ಲಾಡಿಸಿ, ಕತ್ತರಿಸಿ ನೋಡುವ ಆ ಕೈಯನ್ನೇ ಮೇಜಿನ ಮೇಲೆ ಚಾಚಿ, ಬಿಸ್ಕತ್ತು ಮುರಿಯುತ್ತ ಹೇಳಿದ:

“ತೂತು ಬಿದ್ದ ಗೂಡು ನಾನು ಕೊಳ್ಳಲ್ಲಮ್ಮ. ದೇವರ ಸಭೆ ಕೊಳ್ತದಾ? ನಮ್ಮ ಹೆಣ್ಣುಮಕ್ಕಳ ಒಳ್ಳೇದಕ್ಕೇ ಹೇಳ್ತಿರೋದು.”

ಥೂ! ಬರೆಯುವ ನನ್ನ ಲೇಖನಿಗೂ ವಾಕರಿಕೆ. ಪ್ರೇಮಿಗಳು ಮೂರು ವರ್ಷ ಉಸಿರಿನಲ್ಲಿ ಕಾಪಿಟ್ಟ ಒಂದು ವ್ರತವನ್ನು, ದೇವರೂ ಮೆಲ್ಲಗೆ ಹೆಜ್ಜೆಯಿಟ್ಟು ಬರುವ ಒಂದು ಅಂತರಂಗವನ್ನು, ಬಿಸ್ಕತ್ತಿನ ಪುಡಿ ಮೆತ್ತಿದ ಬೆರಳುಗಳು ಸಂತೆಯ ಸರಕಿನಂತೆ ತಿರುವಿಹಾಕಿದವಲ್ಲ! ಪಾವಿತ್ರ್ಯವೆಂಬ ಶಬ್ದವನ್ನು ಆ ಬಾಯಿಗಳು ಹನ್ನೊಂದು ಸಲ ಉಚ್ಚರಿಸಿದವು. ಪ್ರತಿ ಸಲವೂ ಶಬ್ದ ಇನ್ನಷ್ಟು ಮೈಲಿಗೆಯಾಯಿತು.

ಅಂದೇ ಹರಿಣಿ ಸುನೀಲ್‌ಕುಮಾರನಿಗೆ ಫೋನು ಮಾಡಿದಳು. ಅವನು ಕೂಗಾಡುತ್ತಾನೆ, ಮೊದಲ ಬಸ್ಸಿಗೆ ಹೊರಟುಬರುತ್ತಾನೆ ಎಂದುಕೊಂಡಿದ್ದಳು. ಆ ಕಡೆ ಅವನು ಯಂತ್ರಗಳ ಸದ್ದಿನಿಂದ ಆಚೆ ನಡೆದು, ಏನು ಕೇಳಿದರೆಂದು ಇನ್ನೊಮ್ಮೆ ಹೇಳಿಸಿದ.

“ಹೋಗಿ ತೋರಿಸಿಬಿಡು ಹರಿಣಿ,” ಎಂದ ಕೊನೆಗೆ. “ನಾವು ತಪ್ಪು ಮಾಡಿಲ್ವಲ್ಲ, ನಮಗೇನು ಭಯ.”

ಅವಳು ಫೋನು ಇಟ್ಟು ಕೈ ತೊಳೆದುಕೊಂಡಳು. ಯಾಕೆಂದು ತಿಳಿಯದೆ ಮತ್ತೊಮ್ಮೆ ತೊಳೆದುಕೊಂಡಳು.

ಗುರುವಾರ ತಾಯಿ ಅತ್ತು ಕರೆದು ಅವಳನ್ನು ಚಿಕ್ಕಬಳ್ಳಾಪುರದ ಒಬ್ಬ ವೈದ್ಯೆಯ ಬಳಿಗೆ ಕರೆದೊಯ್ದಳು. ಹಸಿರು ಪರದೆಯ ಹಿಂದೆ ತಣ್ಣನೆಯ ರೆಕ್ಸಿನ್ ಬೆಂಚಿನ ಮೇಲೆ ಮಲಗಿ, ಮೇಲೆ ತಿರುಗುವ ಫ್ಯಾನನ್ನು ನೋಡುತ್ತ ಹರಿಣಿ ತನ್ನ ದೇಹದಿಂದ ತಾನೇ ಎದ್ದು ಆಚೆ ಹೋಗಿ ನಿಂತಿದ್ದಳು... ಅಷ್ಟು ಪ್ರೀತಿಯಿಂದ ತಾನೇ ಕಾದುಕೊಂಡ ಮೈ ಅಂದು ಅವಳಿಗೆ ಯಾರೋ ಬಿಟ್ಟುಹೋದ ಬಟ್ಟೆಯಂತೆ ಕಂಡಿತು. ವೈದ್ಯೆ ಬಂದು ಏನು ತೊಂದರೆಯೆಂದು ಕೇಳಿ, ತಾಯಿಯ ತೊದಲುಮಾತು ಕೇಳಿ, ಕೈಗವಸನ್ನು ಬಿಚ್ಚಿ ಬುಟ್ಟಿಗೆಸೆದರು. ಅಂಥದ್ದನ್ನು ಹೇಳುವ ಪರೀಕ್ಷೆ ವೈದ್ಯಶಾಸ್ತ್ರದಲ್ಲೇ ಇಲ್ಲ, ಇದ್ದರೂ ತಾನು ಮಾಡುವುದಿಲ್ಲ, ಎದ್ದು ಮನೆಗೆ ಹೋಗಮ್ಮ ಎಂದರು. ಪತ್ರವಿಲ್ಲದೆ ಇಬ್ಬರೂ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ದ್ರಾಕ್ಷಿಚಪ್ಪರಗಳ ಮೇಲೆ ಎಳೆಬಿಸಿಲು ಹಾಲಿನಂತೆ ಚೆಲ್ಲಿತ್ತು. ಆ ಸೌಂದರ್ಯವೂ ಅಂದು ಅಣಕದಂತಿತ್ತು.

ಭಾನುವಾರ ಬಂತು. ಅರವತ್ತು ಜನ ತುಂಬಿದ ದೇವಾಲಯ. ಕಿಟಕಿಯ ಗಾಜಿನಿಂದ ಇಳಿದ ಬೆಳಕು ವೇದಿಕೆಯ ಸೇವಂತಿಗೆಗಳ ಮೇಲೆ ಮಂದಹಾಸದಂತೆ ಹರಡಿತ್ತು. ಮುಂದಿನ ಬೆಂಚಿನಲ್ಲಿ ಚೆನ್ನರಾಯಪ್ಪನ ಹೆಂಡತಿಯ ಮಡಿಲಲ್ಲಿ ಮಡಿಚಿದ ಮುಸುಕು. ಪತ್ರ ತಲುಪದಿರುವುದನ್ನು ಬಲ್ಲ ಹೆಂಗಸರು ಆಗಲೇ ಹರಿಣಿಯ ಸೊಂಟ, ನಡಿಗೆ, ಕಣ್ಣಿನ ಕೆಳಗಿನ ಕಪ್ಪು ಎಲ್ಲವನ್ನೂ ಓದಿ ಮುಗಿಸಿದ್ದರು. ಮೃದುಮನಸ್ಸಿನ, ಮೃದುವಾದ ಬೆನ್ನೆಲುಬಿನ ಅಯ್ಯನವರು ಹಾಳೆ ಬಿಡಿಸಿ ಓದಿದರು. ಅಡ್ಡಿ ಬಲ್ಲವರು ತಿಳಿಸಬೇಕೆಂದು ಕೇಳಿ ಕಾದರು.

ಗಂಡಸರ ಬೆಂಚಿನಲ್ಲಿ ಸುನೀಲ್‌ಕುಮಾರ್ ಎದ್ದು ನಿಂತ.

“ನನಗೆ ಗೊತ್ತಿದೆ ಅಯ್ಯನವರೇ. ಮದುಮಗ ಪರಿಶುದ್ಧನಲ್ಲ. ಐದು ವರ್ಷದ ಹಿಂದೆ ಕುಡುಮಲಕುಂಟೆಯಲ್ಲಿ ಒಬ್ಬ ಹುಡುಗಿ ಜೊತೆ ಎಂಟು ತಿಂಗಳು ಒಂದೇ ರೂಮಲ್ಲಿದ್ದೆ. ಮದುವೆ ಆಗ್ತೀನಿ ಅಂದಿದ್ದೆ, ಆಗ್ಲಿಲ್ಲ. ನನ್ನ ಹತ್ರ ಯಾರೂ ಪತ್ರ ಕೇಳಿಲ್ಲ.”

ಹರಿಣಿ ತಲೆಯೆತ್ತಿ ಅವನನ್ನು ನೋಡಿದಳು, ಮೂರು ವರ್ಷದಲ್ಲಿ ಮೊದಲ ಬಾರಿ ನೋಡುವಂತೆ.

ಚೆನ್ನರಾಯಪ್ಪ ನಕ್ಕ. ಕೋಪಿಸಿಕೊಂಡಿದ್ದರೆ ನಾನು ಅವನನ್ನು ಸ್ವಲ್ಪ ಮನ್ನಿಸುತ್ತಿದ್ದೆನೇನೋ, ಸಹೃದಯರೇ... ಅವನು ನಕ್ಕ! ಎಳೆಯ ಕರು ಮೊದಲ ಬಾರಿ ಒದ್ದಾಗ ಯಜಮಾನ ನಗುವ ವಾತ್ಸಲ್ಯದ ನಗೆ.

“ಕೂತ್ಕೊಳಪ್ಪ, ಕೂತ್ಕೊ. ಒಪ್ಪಿಕೊಂಡ್ಯಲ್ಲ, ಕರ್ತನು ಕ್ಷಮಿಸ್ತಾನೆ. ಗಂಡು ಹುಡುಗ, ವಯಸ್ಸಲ್ಲಿ ಆಗೋದೇ.” ಆಮೇಲೆ ಧ್ವನಿ ಬದಲಿಸಿ, ಹೆಂಗಸರ ಬೆಂಚಿನ ಕಡೆ ತಿರುಗಿದ. “ಹುಡುಗಿಯ ಪತ್ರ ಬಂತಾ?”

ಒಂದೇ ಉಸಿರು! ಒಂದೇ ಉಸಿರಿನಲ್ಲಿ ಒಬ್ಬನಿಗೆ ಸ್ವರ್ಗದ ಬಾಗಿಲು, ಇನ್ನೊಬ್ಬಳಿಗೆ ರೆಕ್ಸಿನ್ ಬೆಂಚು! ಸಂಯಮವೆಂಬ ಆ ಮಹಾಗುಣವನ್ನು, ಕ್ರಿಸ್ತನನ್ನು ನಂಬಿದ ಗಂಡಿಗೂ ಹೆಣ್ಣಿಗೂ ಸಮನಾಗಿ ಹೊರಿಸಲಾದ ಆ ಹಗುರ ನೊಗವನ್ನು, ಇವರು ಎಂದೋ ಹೆಣ್ಣಿನ ಕೊರಳಿಗೆ ಮಾತ್ರ ಬಿಗಿದು, ಖಾಲಿ ಬದಿಗೆ ಗಂಡಸಿನ ಹೆಸರು ಬರೆದು ಕೈತೊಳೆದುಕೊಂಡಿದ್ದರು.

ಹರಿಣಿ ಎದ್ದಳು. ಸೆರಗಿನೊಳಗಿಂದ ಬೆರಳುಗಳನ್ನು ಹೊರಗೆ ತೆಗೆದು ಮುಂದಿನ ಬೆಂಚನ್ನು ಹಿಡಿದುಕೊಂಡಳು.

“ಪತ್ರ ಇಲ್ಲ, ತರೋದೂ ಇಲ್ಲ. ಚೆನ್ನರಾಯಪ್ಪನೋರೇ, ಆರು ವರ್ಷದಿಂದ ಗೂಡು ಬೇಯಿಸ್ತಿದೀನಿ. ತೂತಿಲ್ಲದ ಗೂಡು ಯಾಕೆ ತೂತಿಲ್ಲ ಅಂತ ನಿಮಗೂ ಗೊತ್ತು. ಒಳಗಿರೋದು ರೆಕ್ಕೆ ಮೂಡಿ ಹೊರಗೆ ಬರೋ ಮೊದಲೇ ನಾವು ಬೇಯಿಸಿ ಕೊಂದಿರ್ತೀವಿ. ನೀವು ಕೇಳ್ತಿರೋ ಪರಿಶುದ್ಧತೆ ಅದೇ. ನಾನು ಕಾದಿದ್ದು ಬದುಕಿರೋ ಮನಸ್ಸಿಂದ, ದೇವರಿಗೋಸ್ಕರ. ನಿಮ್ಮ ತಕ್ಕಡಿಗಲ್ಲ.”

ಮತ್ತೆ ಅಯ್ಯನವರತ್ತ ತಿರುಗಿ, ಸಣ್ಣ ದನಿಯಲ್ಲಿ, “ಈ ಮದುವೆಗೆ ನನ್ನ ಅಡ್ಡಿ ಇದೆ ಅಂತ ಬರ್ಕೊಳ್ಳಿ” ಎಂದಳು.

ಅವಳು ಹೊರನಡೆದಾಗ ಯಾರೂ ತಡೆಯಲಿಲ್ಲ. ಅನಸೂಯಮ್ಮ ಒಂದು ಗಳಿಗೆ ತಾನೇ ಗುಡಿಸಿದ ನೆಲವನ್ನು ನೋಡುತ್ತ ನಿಂತು, ಆಮೇಲೆ ಪಕ್ಕದ ಬಾಗಿಲನ್ನು ಬಿಟ್ಟು ಎದುರುಬಾಗಿಲಿನಿಂದಲೇ ಮಗಳ ಹಿಂದೆ ಹೋದಳು. ಹೋಗುವಾಗ ಅಯ್ಯನವರ ಮುಖ ನೋಡಿದಳು. ಅವರು ಹಾಳೆ ಮಡಿಚುತ್ತಿದ್ದರು.

ಅಂಗಳದ ಹೊಂಗೆಯ ಕೆಳಗೆ, ತಾಯಿ ದೂರ ನಿಂತಿರಲು, ಸುನೀಲ್‌ಕುಮಾರ್ ಅವಳೆದುರು ಬಂದ. ತನ್ನ ಹಳೆಯ ಕಥೆಗೆ ಅಸಹ್ಯವಾಯಿತೇ ಎಂದು ಕೇಳಿದ.

“ಅದಕ್ಕಲ್ಲ,” ಎಂದಳು. “ಸೋಮವಾರವೇ ಗೊತ್ತಿತ್ತಲ್ಲ ನಿಂಗೆ. ನೀನು ಹಿಂಗೆ, ನಾನು ಹಂಗಲ್ಲ ಅಂತ ಗೊತ್ತಿದ್ದೂ ‘ತೋರಿಸಿಬಿಡು’ ಅಂದೆ. ಗುರುವಾರ ನಾನು ಆ ಬೆಂಚಿನ ಮೇಲೆ ಮಲಗಿದ್ದೆ ಕಣೋ.”

“ಭಯ ಆಯ್ತು ಹರಿಣಿ. ನನ್ನ ವಿಷಯ ಹೇಳಿದ್ರೆ ನೀನು ಬಿಟ್ಟುಹೋಗ್ತೀಯ ಅಂತ.”

“ಹೂಂ. ನನ್ನ ಮರ್ಯಾದೆ ಅಡ್ಡ ಇಟ್ಕೊಂಡು ಭಯಪಟ್ಟೆ.”

ಅವನು ಕಣ್ಣೊರೆಸಿಕೊಂಡ. ಇಂದು ಎದ್ದು ನಿಂತನಲ್ಲ ಎಂಬ ಒಂದು ಎಳೆ ಅವಳ ಒಳಗೂ ಇತ್ತು. ಅದನ್ನು ಕಡಿಯಲು ಅವಳಿಗೆ ಮನಸ್ಸಾಗಲಿಲ್ಲ, ಸುತ್ತಿಕೊಳ್ಳಲೂ ಮನಸ್ಸಾಗಲಿಲ್ಲ. ಆ ಹುಡುಗಿಯ ಹೆಸರು ಕೇಳಿದಳು. ರೂಬಿ ಎಂದ. ಈಗ ಎಲ್ಲಿದ್ದಾಳೆಂದು ಕೇಳಿದಳು. ತಿಳಿಯದೆಂದ.

“ಹುಡುಕು. ಬುಧವಾರದಿಂದ ನಲವತ್ತು ದಿನ ಇದೆ. ಅವಳು ಮುಖ ನೋಡೋಕೆ ಒಪ್ಪಿದ್ರೆ ಎದುರು ನಿಂತು ಕ್ಷಮೆ ಕೇಳು. ಒಪ್ಪದಿದ್ರೆ ತೊಂದ್ರೆ ಕೊಡದೆ ಬಾ. ಈ ಒಳಗಿರೋರು ಕೊಟ್ಟ ಕ್ಷಮೆ ಅವಳದಲ್ಲ, ಅವರು ಕೊಡೋಕೂ ಆಗಲ್ಲ. ಆಮೇಲೆ ಬಂದು ನನ್ನ ಕೇಳು. ಹೂಂ ಅಂತೀನೋ ಊಹೂಂ ಅಂತೀನೋ ನಂಗೂ ಗೊತ್ತಿಲ್ಲ.”

ಸೋಮವಾರದ ಬಸ್ಸಿಗೆ ಕಾಯದೆ, ಅಂದು ಮಧ್ಯಾಹ್ನದ ಉರಿಬಿಸಿಲಿನಲ್ಲೇ ಅವನು ಗೌರಿಬಿದನೂರಿನ ಕಡೆ ಹೊರಟನೆಂದು ಕೇಳಿದ್ದೇನೆ. ಅವಳು ಮನೆಗೆ ಹೋಗಿ ತಾಯಿಗೆ ಅನ್ನ ಬಡಿಸಿದಳು, ತಾನೂ ಉಂಡಳು.

ಪರಿಶುದ್ಧತೆಯೆಂದರೇನು, ಸಹೃದಯರೇ? ಮುಟ್ಟದಿರುವುದೊಂದೇ ಅದಾಗಿದ್ದರೆ ಕಲ್ಲು ನಮಗಿಂತ ಪವಿತ್ರ. ಪ್ರೀತಿಸುವ ಜೀವವು ತನ್ನ ಬಯಕೆಯ ಎದುರು ತಾನೇ ಮೊಣಕಾಲೂರಿ, ಎದುರಿನ ಜೀವವೂ ದೇವರದೆಂದು ತಿಳಿದು, ಅದನ್ನು ಪಡೆಯುವ ಮೊದಲು ಗೌರವಿಸಲು ಕಲಿಯುವ ಆ ದೀರ್ಘವಿನಯಕ್ಕೆ ಬೇರೆ ಹೆಸರಿಲ್ಲದೆ ನಾವು ಹಾಗೆ ಕರೆದೆವೇನೋ... ಅದನ್ನು ಯಾರೂ ಯಾರಲ್ಲಿಯೂ ತಡಕಿ ನೋಡಲಾರರು. ಒಮ್ಮೆ ಕಳೆದುಕೊಂಡವನೂ, ತಾನು ನೋಯಿಸಿದವರ ಬಾಗಿಲವರೆಗೆ ಬರಿಗಾಲಲ್ಲಿ ನಡೆದುಹೋಗುವಷ್ಟು ಧೈರ್ಯ ಮಾಡಿದರೆ, ಆ ದಾರಿಯ ಧೂಳಿನಲ್ಲೇ ಅದು ಅವನಿಗೆ ಮತ್ತೆ ಸಿಕ್ಕೀತು, ಸಿಗದೆಯೂ ಹೋದೀತು. ಮನುಷ್ಯ ಹೃದಯದ ಅತ್ಯಂತ ಕೋಮಲವಾದದ್ದೆಲ್ಲ ಹೀಗೆ ಭರವಸೆಯಿಲ್ಲದೆಯೇ ಕಾಯುತ್ತದೆ, ಮತ್ತು ಹಾಗೆ ಕಾಯಬಲ್ಲದ್ದರಿಂದಲೇ ಅದು ಯಾರ ಅಪ್ಪಣೆಯೂ ಬೇಡದಷ್ಟು ಸ್ವತಂತ್ರವಾಗಿರುತ್ತದೆ.