ಮರಿ ಗೂಡಿನಲ್ಲಿ ಜಾಗವಿಲ್ಲ

ಹನುಮಂತ್ರಾಯ ಫೋನನ್ನು ಗಾಜಿನ ಕೌಂಟರಿನ ಮೇಲೆ ಇಡಲಿಲ್ಲ, ಕುಕ್ಕಿದ. ಹೇಗಿದ್ದೀ ಅನ್ನಲಿಲ್ಲ, ಊಟ ಆಯಿತೇ ಅನ್ನಲಿಲ್ಲ.

"ಇದನ್ನ ಚಾಲೂ ಮಾಡಿಕೊಡು. ಅದರಾಗ ಏನದ ಅಂತ ಊರಿಗೆಲ್ಲ ತೋರಸಬೇಕು ನಾ."

ಯಶೋದಾ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. ರಾಯಚೂರಿನ ತೀನ್ ಕಂದೀಲ್ ಹತ್ತಿರ ಮುದಸ್ಸಿರ್ ಎಂಬಾತನ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಅವಳ ಕೆಲಸ. ಎದುರಿಗೆ ನಿಂತವನು ಅವಳ ಸೋದರತ್ತೆ ಬೂದೆಮ್ಮನ ಗಂಡ. ಹೋದ ವಾರ ಇದೇ ಮಾವ ಬಾಗಲವಾಡದ ಕಟ್ಟೆಯ ಮೇಲೆ ನಿಂತು, ತನ್ನ ದೊಡ್ಡಿಯ ಟಗರನ್ನು ಸಿದ್ರಾಮ ಕದ್ದ ಎಂದು ನಾಲ್ಕು ಜನರ ಎದುರು ಬಾಯಿಗೆ ಬಂದಂತೆ ಬೈದಿದ್ದ. ಸಿದ್ರಾಮ ಬೇರೆ ಯಾರೂ ಅಲ್ಲ, ಯಶೋದಾಳ ಅಪ್ಪ. ಅಪ್ಪನನ್ನು ಕಳ್ಳ ಅಂದ ಬಾಯಿಯಲ್ಲೇ ಮಗಳಿಗೆ ಫೋನು ಚಾಲೂ ಮಾಡಿಕೊಡು ಅನ್ನುವುದಕ್ಕೆ ಒಂದಿಷ್ಟು ನಾಚಿಕೆಯೂ ಬೇಡವೇ?

"ಮಾನ್ವಿಯಾಗ ಅಂಗಡಿ ಇದ್ದಿದ್ದಿಲ್ಲೇನು ಮಾವ? ತುಡುಗನ ಮಗಳ ಕಡೀಗೇ ಬರಬೇಕಾಯ್ತೇನು?"

"ಮಾನ್ವಿಯವ ಇದೆಂಥ ಫೋನೋ ನಂಗೊತ್ತಿಲ್ಲ ಅಂದ. ಪೂರಾ ಅಳಿಸಿ ಹೊಸಾದು ಹಾಕ್ತೀನಿ ಅಂದ. ನೀನೇ ಮಾಡಿದ್ದು, ನೀನೇ ಬಿಚ್ಚು."

ಅದಂತೂ ನಿಜ. ಹಳೆಯ ಫೋನೊಂದರಿಂದ ಆಂಡ್ರಾಯ್ಡ್ ತೆಗೆದು, ಕಂಪ್ಯೂಟರಿಗೆ ಹಾಕುವಂಥ ಲಿನಕ್ಸ್ ಹಾಕಿ, ಕುರಿ ದೊಡ್ಡಿಗೆ ಕಾವಲು ಕ್ಯಾಮೆರಾ ಮಾಡಿಕೊಟ್ಟವಳು ಅವಳೇ. ಎದುರಿಗೆ ಏನಾದರೂ ಅಲುಗಾಡಿದರೆ ಅದು ತಾನಾಗಿ ವಿಡಿಯೊ ಹಿಡಿಯುತ್ತಿತ್ತು. "ತೋಳ ಬಂದ್ರ ಹಿಡೀತದ ಅತ್ತಿ" ಎಂದು ಹೇಳಿ ದೊಡ್ಡಿಯ ಕಂಬಕ್ಕೆ ಕಟ್ಟಿ ಬಂದಿದ್ದಳು. ಅತ್ತೆಯ ಮೇಲಿನ ಅಕ್ಕರೆಗೆ ಮಾಡಿದ್ದೇ ಹೊರತು ಈ ಸಿಡುಕು ಮೋರೆಯ ಮಾವನಿಗಾಗಿ ಅಲ್ಲ.

ಗುಂಡಿ ಒತ್ತಿದಳು. ಫೋನು ಎದ್ದು ಪಾಸ್‌ವರ್ಡ್ ಕೇಳಿತು. ಕೊಟ್ಟಳು. ತೆರೆ ಒಮ್ಮೆ ಕಪ್ಪಾಯಿತು, ಮತ್ತೆ ಪಾಸ್‌ವರ್ಡನ್ನೇ ಕೇಳಿತು. ಇನ್ನೊಮ್ಮೆ ಕೊಟ್ಟರೂ ಅದೇ ಕಥೆ.

"ಹೀಂಗs ಮಾಡ್ತದ," ಅಂದ ಹನುಮಂತ್ರಾಯ. "ಸೋಮವಾರ ಹಿರಿಯರು ಕೂಡ್ತಾರ. ಹೈದರಾಬಾದಿನ ಕಟುಕರಿಗೆ ಮಾತು ಕೊಟ್ಟ ಟಗರು ಅದು. ನಿಮ್ಮಪ್ಪ ಹೊಡಕೊಂಡು ಹೋಗಿದ್ದು ಇದರಾಗ ಅದ. ಎಲ್ಲಾರ ಮುಂದ ತೋರಸ್ತೀನಿ. ಆಮ್ಯಾಲ ನಿಮ್ಮ ಮನಿ ಹೊಸ್ತಲಾ ಯಾವನೂ ತುಳೀಬಾರ್ದು, ಹಂಗ ಮಾಡ್ತೀನಿ."

ಯಶೋದಾಳಿಗೆ ಗೊತ್ತು, ಅಪ್ಪ ಕದಿಯುವವನಲ್ಲ. ಆದರೆ ಅವನ ನಡತೆಯೂ ಅವಳಿಗೆ ಅರ್ಥವಾಗಿರಲಿಲ್ಲ. ಅಷ್ಟು ಬೈಸಿಕೊಂಡರೂ 'ನಾ ಕದ್ದಿಲ್ಲ' ಎಂಬ ಒಂದು ಮಾತು ಬಿಟ್ಟು ಬೇರೇನೂ ಆಡದೆ, ಚೀಕಲಪರ್ವಿಯ ಮನೆಗೆ ಬೀಗ ಹಾಕಿ, ಹಿಂಡು ಹೊಡೆದುಕೊಂಡು ದೇವದುರ್ಗದ ಕಡೆ ಕೃಷ್ಣೆಯ ದಂಡೆಗೆ ಹೋಗಿಬಿಟ್ಟಿದ್ದ. ಇವಳು ಫೋನ್ ಮಾಡಿ ಕೇಳಿದರೆ "ಬಿಡವ್ವ, ಸುಮ್ನಿರು" ಅನ್ನುತ್ತಿದ್ದ. ಸುಮ್ಮನಿರುವುದು ಹೇಗೆ? ಈ ಫೋನು ತೆರೆದರೆ ಅಪ್ಪನ ಮಾನ ಉಳಿಯುತ್ತದೆ, ಮಾವನ ಬಾಯಿ ಮುಚ್ಚುತ್ತದೆ. ತೆರೆದೇ ತೀರುತ್ತೇನೆ ಎಂದು ಅವಳಿಗೆ ಹಟ ಬಂತು.

"ಮುದಸ್ಸಿರ್ ಭಾಯ್, ನೀವು ಇಲ್ಲೇ ಕುಂದರ್ರಿ. ನಾಳಿಗೆ ನಾ ಏನೋ ಅಳಿಸಿಬಿಟ್ಟೆ ಅಂತ ಈ ಮನಷಾ ಊರು ತುಂಬ ಸಾರ್ತಾನ."

ಮುದಸ್ಸಿರ್ ಕುರ್ಚಿ ಎಳೆದುಕೊಂಡ. "ಝಗಡಾ ಏನಿದ್ರೂ ಹೊರಗ ಮಾಡ್ಕೊಳ್ರಿ. ಗಿರಾಕಿ ಬರೋ ಹೊತ್ತು ಇದು," ಎಂದ.

"ಒಂದೂ ಅಳಿಸಬಾರ್ದು," ಹನುಮಂತ್ರಾಯ ಬೆರಳು ತೋರಿಸಿದ. "ಒಂದು ಅಳಿಸಿದೀ ಅಂದ್ರೂ ನಾ ಸುಮ್ನಿರಾವಲ್ಲ. ಕಳ್ಳರ ವಂಶ ನಿಮ್ದು, ನನಗ ಗೊತ್ತದ."

"ಆ ವಂಶದ ಹೆಣ್ಣಿನ ಕೈಲೇ ರೊಟ್ಟಿ ಬಡಿಸ್ಕೊಂಡು ತಿನ್ನಾಕತ್ತೀಯಲ್ಲ," ಎಂದಳು ಯಶೋದಾ. ಅವನು ಹಲ್ಲು ಕಡಿದ. ಅವಳು ಫೋನಿಗೆ ಕೇಬಲ್ ಹಾಕಿ ಅಂಗಡಿಯ ಕಂಪ್ಯೂಟರಿಗೆ ಜೋಡಿಸಿದಳು.

ಕಪ್ಪು ತೆರೆಯ ಮೇಲೆ ಒಂದು ಆಜ್ಞೆ ಬರೆದದ್ದೇ ತಡ, ರೋಗ ಬಯಲಾಯಿತು. ಫೋನಿನೊಳಗಿನ ಜಾಗವನ್ನು ಅವಳು ಎರಡು ಪಾಲು ಮಾಡಿದ್ದಳು. ಸಣ್ಣ ಪಾಲು ಫೋನಿನ ಸ್ವಂತ ಕೆಲಸಕ್ಕೆ, ದೊಡ್ಡ ಪಾಲು ಉಳಿದದ್ದಕ್ಕೆಲ್ಲ. ಸಣ್ಣದು ಗಂಟಲವರೆಗೆ ತುಂಬಿ ಕೂತಿತ್ತು, ದೊಡ್ಡದು ಖಾಲಿ ಹೊಡೆಯುತ್ತಿತ್ತು. ವಿಡಿಯೊಗಳೆಲ್ಲ ಸಣ್ಣದರಲ್ಲೇ ಹೋಗಿ ಬಿದ್ದಿದ್ದವು. ಎಲ್ಲಿ ಇಡಬೇಕು ಎಂಬುದನ್ನು ಬದಲಿಸಲು ಅವಳೇ ಮರೆತಿದ್ದಳು. ತನ್ನ ಕೋಣೆಯಲ್ಲಿ ಕೈ ಆಡಿಸಿ ಪರೀಕ್ಷೆ ಮಾಡಿದಾಗ ಒಂದೆರಡು ವಿಡಿಯೊ ಬಂದಿತ್ತಷ್ಟೆ, ಸಾಕು ಅನಿಸಿತ್ತು. ದೊಡ್ಡಿಯಲ್ಲಿ ಹಾಗಲ್ಲವಲ್ಲ. ಒಂದು ಕುರಿ ಮೆಲುಕು ಹಾಕುತ್ತದೆ, ಒಂದು ಬಾಲ ಅಲ್ಲಾಡಿಸುತ್ತದೆ, ಮರಿ ಕುಣಿಯುತ್ತದೆ, ಫೋನು ಪಾಪ ಎಲ್ಲವನ್ನೂ ತೋಳ ಎಂದೇ ಹಿಡಿಯುತ್ತದೆ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿ, ಕುರಿ ಸುಮ್ಮನೆ ನಿಲ್ಲುವುದಿಲ್ಲ ಎಂಬುದನ್ನೇ ಮರೆತವಳು ಇನ್ನೊಬ್ಬಳು ಇರಲಿಕ್ಕಿಲ್ಲ. ಅವಳಿಗೆ ತನ್ನ ಮೇಲೂ ಸಿಟ್ಟು ಬಂತು.

"ಏನಾಗ್ಯಾದ?"

"ಮರಿ ಗೂಡು ಅದ, ದೊಡ್ಡಿ ಅದ ಅಂತ ತಿಳ್ಕೋ. ಎಲ್ಲಾ ಕುರೀನೂ ಮರಿ ಗೂಡಿನ್ಯಾಗ ತುರುಕಿದಂಗ ಆಗ್ಯಾದ. ದೊಡ್ಡಿ ಖಾಲಿ ಅದ. ಗೂಡಿನ್ಯಾಗ ಕಾಲಿಡಾಕ ಜಾಗಿಲ್ಲ ಅಂತ ಫೋನು ತೆರೀವಲ್ದು."

"ಜಾಗ ಇಲ್ಲ ಅಂತೀ, ಖಾಲಿ ಅದ ಅಂತೀ. ನನ್ನ ಹುಚ್ಚ ಮಾಡಾಕತ್ತೀಯೇನು?"

"ನಿನ್ನ ಹೊಸಾದಾಗಿ ಮಾಡೋದೇನದ? ಹಳೇ ಅಪ್‌ಡೇಟಿನ ಕಸ ಒಂದಿಷ್ಟು ಬಿದ್ದದ, ಅದನ್ನ ತೆಗದ್ರ..."

"ಏನೂ ತೆಗೀಬಾರ್ದು ಅಂದೆ."

ಅವನಿಗೆ ಕಸ ಯಾವುದು ಕಾಳು ಯಾವುದು ಎಂದು ಹೇಳಿ ಹೇಳಿ ಸಾಕಾಗುವುದಷ್ಟೆ ಎಂದು ಯಶೋದಾ ಕಸದ ತಂಟೆಗೆ ಹೋಗಲಿಲ್ಲ. ವಿಡಿಯೊಗಳನ್ನೆಲ್ಲ ಮೊದಲು ದೊಡ್ಡ ಪಾಲಿಗೆ ನಕಲು ಮಾಡಿದಳು. ಎರಡೂ ಕಡೆ ಒಂದೇ ಸಮ ಇವೆಯೇ ಎಂದು ತಾಳೆ ನೋಡಿದಳು. ಮುದಸ್ಸಿರ್ ಕನ್ನಡಕ ಹಾಕಿ ತಾನೂ ನೋಡಿ "ಬರೋಬ್ಬರಿ ಅದಾವ" ಎಂದ. ಆಮೇಲೆ ಸಣ್ಣ ಪಾಲಿನಲ್ಲಿದ್ದವನ್ನು ತೆಗೆಯತೊಡಗಿದಳು.

ತೆರೆಯ ಒಂದು ಬದಿಯ ಹೆಸರುಗಳು ಮಾಯವಾಗುವುದನ್ನು ಕಂಡದ್ದೇ ಹನುಮಂತ್ರಾಯ ಕೌಂಟರಿನ ಮೇಲೆ ಬಗ್ಗಿ ಕೇಬಲ್ ಕಿತ್ತ. "ಅಳಿಸಾಕತ್ತಾಳ ರಂಡಿ ಮಗಳು."

ಯಶೋದಾ ಅವನ ಕೈಯಿಂದ ಕೇಬಲ್ ಕಸಿದುಕೊಂಡು ಮತ್ತೆ ಚುಚ್ಚಿದಳು.

"ದೊಡ್ಡಿಗೆ ಹೊಡದ ಮ್ಯಾಲೇ ಗೂಡು ಬಳಿಯಾಕತ್ತಿದ್ದೆ. ನೀ ನಡುವ ಕಿತ್ತರೂ ಒಂದು ಕುರಿ ಸತ್ತಿಲ್ಲ. ಇನ್ನೊಮ್ಮೆ ಕೈ ಹಾಕಿದೀ ಅಂದ್ರ ಫೋನು ಒಡದು ನಿನ್ನ ಕಿಸೇಕ ಹಾಕಿ ಕಳಸ್ತೀನಿ. ಸೋಮವಾರ ಹಿರಿಯರಿಗೆ ಅದರ ಚೂರು ತೋರಸು."

ಅವನು ಹಿಂದೆ ಸರಿದು ನಿಂತ. ಅವಳು ಉಳಿದದ್ದನ್ನು ಮುಗಿಸಿ, ಇನ್ನು ಮುಂದೆ ವಿಡಿಯೊ ದೊಡ್ಡ ಪಾಲಿಗೇ ಹೋಗುವಂತೆ ಮಾಡಿ, ಫೋನನ್ನು ಹೊಸದಾಗಿ ಚಾಲೂ ಮಾಡಿದಳು. ಪಾಸ್‌ವರ್ಡ್ ಕೊಟ್ಟಳು. ಈ ಸಲ ಅದು ಏನೂ ತಕರಾರು ಮಾಡದೆ ತೆರೆದುಕೊಂಡಿತು.

ಟಗರು ಹೋದದ್ದು ಬುಧವಾರ. ಜಾಗ ತುಂಬಿ ಕ್ಯಾಮೆರಾ ನಿಂತದ್ದೂ ಬುಧವಾರವೇ. ಆ ದಿನ ಮುಂಜಾನೆಯ ಕೊನೆಯ ವಿಡಿಯೊಗಳಲ್ಲಿ ಒಂದನ್ನು ಯಶೋದಾ ಒತ್ತಿದಳು. ದೊಡ್ಡಿಯ ಬಾಗಿಲು ಕಂಡಿತು. ಬಾಗಿಲ ಆಚೆ ಕಂಬಳಿ ಹೊದ್ದು ನಿಂತಿದ್ದವನು ಅವಳ ಅಪ್ಪ.

"ಬಂದ ನೋಡು ತುಡುಗ," ಹನುಮಂತ್ರಾಯ ತೊಡೆ ತಟ್ಟಿದ. "ನೋಡ್ರಿ ಭಾಯ್, ಕಣ್ಣಾರೆ ನೋಡ್ರಿ."

ಅಪ್ಪ ಹೀಗೆ ಮಾಡಿದನೇ? ಇಷ್ಟೆಲ್ಲ ಹೆಣಗಾಡಿ ಅಪ್ಪನ ಕೊರಳಿಗೆ ತಾನೇ ಹಗ್ಗ ಹಾಕಿದಂತಾಯಿತಲ್ಲ ಎಂದು ಅವಳಿಗೆ ಅಳು ಬಂತು. ವಿಡಿಯೊ ನಿಲ್ಲಿಸಲು ಬೆರಳು ಮುಂದೆ ಹೋಯಿತು, ಆದರೆ ಅವಳು ನಿಲ್ಲಿಸಲಿಲ್ಲ.

ಅಪ್ಪ ಬಾಗಿಲು ದಾಟಲೇ ಇಲ್ಲ. ದೊಡ್ಡಿಯ ಒಳಗಿನಿಂದ ಟಗರಿನ ಹಗ್ಗ ಹಿಡಿದು ಬಂದವಳು ಬೂದೆಮ್ಮ. ಸೆರಗಿನ ಗಂಟು ಬಿಚ್ಚಿ, ಭಂಡಾರದ ಅರಿಶಿನ ತೆಗೆದು, ಟಗರಿನ ಹಣೆಗೆ ಹಚ್ಚಿದಳು. ಅಣ್ಣನ ಹಣೆಗೂ ಹಚ್ಚಿ ಹಗ್ಗವನ್ನು ಅವನ ಕೈಗಿಟ್ಟಳು. ಕೊಡುವ ಜೀವಕ್ಕೆ ಭಂಡಾರ ಹಚ್ಚದೆ ಹಗ್ಗ ಕೈ ಬದಲಿಸಬಾರದು ಎಂಬುದು ಈ ಮನೆಗಳ ಪದ್ಧತಿ. ಕದ್ದ ಟಗರಿಗೆ ಯಾರೂ ಭಂಡಾರ ಹಚ್ಚುವುದಿಲ್ಲ, ಅದು ಹನುಮಂತ್ರಾಯನಿಗೂ ಗೊತ್ತು.

"ನನ್ನ ಲಗ್ನದಾಗ ಅಪ್ಪ ಕೊಟ್ಟ ಕುರಿ ಸಂತಾನ ಅಣ್ಣ ಇದು," ಫೋನಿನೊಳಗೆ ಬೂದೆಮ್ಮನ ದನಿ ಸಣ್ಣಗೆ ಕೇಳಿತು. "ಕಟುಕರ ಪಾಲು ಮಾಡಾಕ ನಾ ಒಲ್ಲೆ. ನಾನೇ ಕೊಟ್ಟೆ ಅಂತ ಮಾತ್ರ ಹೇಳಬ್ಯಾಡ. ಬಡದು ಕೊಲ್ತಾನ."

"ಹೇಳಂಗಿಲ್ಲ ತಂಗಿ," ಅಂದ ಸಿದ್ರಾಮ. "ಏನಂದ್ರೂ ನನಗs ಅನ್ಲಿ."

ವಿಡಿಯೊ ಮುಗಿಯಿತು. ಕಂಬದ ಮೇಲಿನ ಫೋನು ತೋಳವನ್ನಷ್ಟೇ ಹಿಡಿಯುತ್ತದೆ ಎಂದು ಅತ್ತೆ ನಂಬಿದ್ದಳು. ಹಾಗೆ ಹೇಳಿ ಬಂದವಳು ಯಶೋದಾಳೇ. ಕಟ್ಟೆಯ ಮೇಲೆ ತಲೆ ತಗ್ಗಿಸಿ ನಿಂತಿದ್ದ ಅಪ್ಪ ಅವಳ ಕಣ್ಣಿಗೆ ಕಟ್ಟಿದಂತಾಯಿತು.

"ಅಳಿಸು," ಅಂದ ಹನುಮಂತ್ರಾಯ.

"ಏನಂದಿ?"

"ಅದೊಂದು ಅಳಿಸು. ಯಾರಿಗೂ ಗೊತ್ತಾಗಬಾರ್ದು. ಆಕೀಗೆ ಮನ್ಯಾಗ ನಾ ನೋಡ್ಕೊಂತೀನಿ."

"ಒಂದೂ ಅಳಿಸಬಾರ್ದು ಅಂದಾವ ನೀನೇ. ಭಾಯ್ ಕೇಳ್ಯಾರ." ಅವಳು ಫೋನನ್ನು ತನ್ನ ಕಡೆ ಎಳೆದುಕೊಂಡಳು. "ಸೋಮವಾರ ಕಟ್ಟಿ ಮ್ಯಾಲ ನಿಂತು, ಸಿದ್ರಾಮ ತುಡುಗ ಅಲ್ಲ, ತಪ್ಪು ನಂದು ಅಂತ ನಿನ್ನ ಬಾಯಿಲೇ ಹೇಳು. ಹೇಳಲಿಲ್ಲ ಅಂದ್ರ ನಾನೇ ಬಂದು ಇದನ್ನ ತೋರಸ್ತೀನಿ. ಅತ್ತಿ ಮೈಗೆ ನಿನ್ನ ಕೈ ತಾಗಿದ್ರೂ ತೋರಸ್ತೀನಿ. ಹಿರಿಯರಿಗಷ್ಟೇ ಅಲ್ಲ, ಪೊಲೀಸರಿಗೂ ತೋರಸ್ತೀನಿ."

ಹನುಮಂತ್ರಾಯ ಮುದಸ್ಸಿರ್ ಕಡೆ ನೋಡಿದ. ಮುದಸ್ಸಿರ್ ಕನ್ನಡಕ ಒರೆಸುತ್ತಿದ್ದ. ಬರುವಾಗ ಇದ್ದ ಗರ್ವ ಇಳಿದು ಹನುಮಂತ್ರಾಯನ ಮೋರೆ ಕಪ್ಪಿಟ್ಟಿತ್ತು, ಆದರೂ ಸೋಲಲು ಮನಸ್ಸಿಲ್ಲ.

"ಎಷ್ಟು ದಿನ ಇಟ್ಕೊಂತೀ ಅದನ್ನ?" ಎಂದು ಹಲ್ಲು ಕಚ್ಚಿ ಕೇಳಿದ. "ಜಾಗಿಲ್ಲ ಅಂದ್ಯಲ್ಲ ನೀನೇ."

"ಜಾಗಿಲ್ಲ ಅಂದಿದ್ದು ಮರಿ ಗೂಡಿನ್ಯಾಗ, ಮಾವ," ಎಂದಳು ಯಶೋದಾ. "ದೊಡ್ಡಿನ್ಯಾಗ ಬೇಕಾದಷ್ಟು ಅದ."