ಹೆಸರು ಹೇಳುವುದಿಲ್ಲ, ಆದರೆ

ಕನ್ನಡಕದಂಗಡಿಯ ಯಜಮಾನರು ದಿನಪತ್ರಿಕೆಯನ್ನು ಕತ್ತರಿ ಹಿಡಿದುಕೊಂಡು ಓದುವವರು. ಮೊದಲ ಪುಟದ ದೊಡ್ಡ ಸುದ್ದಿಗಳು ಅವರಿಗೆ ಬೇಡ. ಅವುಗಳಲ್ಲಿ ಅರ್ಥ ಹುಡುಕಲು ಬೇರೆಯವರಿದ್ದಾರೆ. ಅವರ ಕಣ್ಣು ನೆಟ್ಟಗೆ ಒಳಪುಟದ ಕೆಳಮೂಲೆಗೆ ಹೋಗುತ್ತಿತ್ತು. ಲಿಫ್ಟಿನಲ್ಲಿ ಸಿಕ್ಕಿಕೊಂಡ ಇಬ್ಬರು ವಕೀಲರು ರಾಜಿ ಮಾಡಿಕೊಂಡು ಹೊರಬಂದರು. ವಸ್ತುಸಂಗ್ರಹಾಲಯದ ಕಾವಲುಗಾರ ನಿದ್ದೆ ಹೋಗಿದ್ದಾಗ ಬೆಕ್ಕೊಂದು ರಾಜನ ಸಿಂಹಾಸನದ ಮೇಲೆ ಮರಿ ಹಾಕಿತು. ಇಂಥದ್ದು ಸಿಕ್ಕಿದರೆ ಸಾಕು, ಹೊಸ ಕನ್ನಡಕ ಹಾಕಿಕೊಂಡ ಗಿರಾಕಿಯ ಹಾಗೆ ಅವರ ಮುಖ ಅರಳುತ್ತಿತ್ತು. ಆ ಬೆಕ್ಕಿನಿಂದ ಹೊರಟು ದೀನರನ್ನು ಮೇಲೆತ್ತುವ ದೇವರ ತನಕ ತಲುಪಲು ಒಂದು ಲೋಟ ಚಹಾ ಆರುವಷ್ಟು ಹೊತ್ತೂ ಅವರಿಗೆ ಬೇಕಿರಲಿಲ್ಲ.

ಭಾನುವಾರದ ಆರಾಧನೆಯಲ್ಲಿ, ಪಾಸ್ಟರ ಪ್ರಸಂಗಕ್ಕೆ ಮೊದಲು, ಐದು ನಿಮಿಷ ಅವರದು. ‘ವಾರದ ಸುದ್ದಿ, ವಾರದ ಪಾಠ’ ಎಂದು ಅದಕ್ಕೆ ಹೆಸರು. ಪ್ರಸಂಗ ಮರೆತವರಿಗೂ ಬೆಕ್ಕು ನೆನಪಿರುತ್ತಿತ್ತು. ಪಾಸ್ಟರು ಇದನ್ನು ಅಸೂಯೆಯಿಲ್ಲದೆ ಒಪ್ಪಿಕೊಂಡಿದ್ದರು, ಬಹುತೇಕ.

ತೊಂದರೆಯೆಂದರೆ, ಪತ್ರಿಕೆ ಕೈಕೊಟ್ಟ ವಾರ ಅವರು ಅಕ್ಕಪಕ್ಕ ನೋಡುತ್ತಿದ್ದರು. ಯಾರ ಹೆಸರನ್ನೂ ಎಂದೂ ಹೇಳಿದವರಲ್ಲ. ಅದು ಅವರ ನಿಯಮ. “ಒಬ್ಬ ಹೆಂಗಸು, ಹೆಸರು ಹೇಳೋದಿಲ್ಲ, ಆದರೆ ಊರವರ ತಲೆಗೂದಲು ಕತ್ತರಿಸಿ ಬದುಕೋರು, ಫೋನ್ ನೋಡ್ತಾ ನೋಡ್ತಾ ಚರಂಡಿಗೆ ಬಿದ್ದರು” ಎಂದು ಅವರು ಶುರು ಮಾಡಿದರೆ, ಇಡೀ ಸಭೆ ಮೂರನೇ ಸಾಲಿನಲ್ಲಿ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕುಳಿತ ಕ್ಷೌರದಂಗಡಿಯಾಕೆಯ ಕಡೆ ಒಟ್ಟಿಗೆ ತಿರುಗುತ್ತಿತ್ತು. ಇದರಿಂದಾಗಿ ಅವರಲ್ಲಿ ಕಣ್ಣು ಪರೀಕ್ಷೆಗೆ ಬಂದವರು, ಗೋಡೆಯ ಮೇಲಿನ ಅಕ್ಷರಗಳನ್ನು ಬಿಟ್ಟರೆ ಇನ್ನೇನನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಅವರ ಸ್ವಂತ ತಂಗಿಗೆ ಮಾತ್ರ ಈ ಎಚ್ಚರ ಸಾಧ್ಯವಾಗಲಿಲ್ಲ, ಏಕೆಂದರೆ ಅವಳ ಪಾಡನ್ನು ಎಲ್ಲರೂ ಕಣ್ಣಾರೆ ಕಂಡಿದ್ದರು. ಅವಳದು ಎರಡು ಬೀದಿ ಆಚೆ ಬೇಕರಿ. ಪಾಸ್ಟರ ಮಗನ ಮದುವೆಗೆ ನಾಲ್ಕು ಅಂತಸ್ತಿನ ಕೇಕು ಮಾಡಿದ್ದಳು. ವೀಡಿಯೊ ತೆಗೆಯುವವನು ಸದ್ದು ಬೇಡವೆಂದು ಸಭಾಂಗಣದ ಫ್ಯಾನುಗಳನ್ನೆಲ್ಲ ಆರಿಸಿದ. ಬೆಣ್ಣೆ ಕರಗುವ ಉಷ್ಣತೆಗೂ ಆ ಮಧ್ಯಾಹ್ನದ ಸಭಾಂಗಣದ ಉಷ್ಣತೆಗೂ ಹೆಚ್ಚಿನ ಅಂತರ ಇರಲಿಲ್ಲ. ಕೇಕು ಮೊದಲು ಪ್ರಸಂಗ ಕೇಳುತ್ತ ತೂಕಡಿಸುವ ಹಿರಿಯರಂತೆ ಒಂದು ಕಡೆ ವಾಲಿತು, ಸ್ವಲ್ಪ ಹೊತ್ತು ಯೋಚಿಸಿತು, ಆಮೇಲೆ ವಧುವಿನ ಸೋದರತ್ತೆಯ ಮಡಿಲಲ್ಲಿ ಮಲಗಿತು.

ಮುಂದಿನ ಭಾನುವಾರ ಅಣ್ಣ ಎದ್ದು ನಿಂತರು. “ಒಬ್ಬ ಹೆಂಗಸು, ಹೆಸರು ಹೇಳೋದಿಲ್ಲ, ಆದರೆ ನನ್ನ ಜೊತೆಗೇ ಬೆಳೆದೋಳು, ಎತ್ತರದ ಆಸೆಗೆ ಬಿದ್ದು ಅಡಿಪಾಯ ಮರೆತಳು. ಮರಳಿನ ಮೇಲೆ ಮನೆ ಕಟ್ಟಿದವನ ಕಥೆ ನಮಗೆಲ್ಲ ಗೊತ್ತು. ಇದು ಕ್ರೀಮಿನ ಮೇಲೆ ಕಟ್ಟಿದ ಮನೆ!” ಸಭೆ ಬಿದ್ದು ಬಿದ್ದು ನಕ್ಕಿತು. ತಂಗಿ ಎದ್ದು ಹೊರಗೆ ಹೋದಳು, ಮತ್ತೆ ಬರಲಿಲ್ಲ. ಬೇಕರಿಗೆ ‘ಮರಳುಮನೆ’ ಎಂಬ ಅಡ್ಡಹೆಸರು ಬಿತ್ತು. ಎರಡು ಬನ್ನು ಕೊಳ್ಳಲು ಬಂದವರೂ “ಅಡಿಪಾಯ ಗಟ್ಟಿ ಇದೆ ತಾನೇ?” ಎನ್ನುತ್ತಿದ್ದರು. ಮದುವೆ ಕೇಕು ಬೇಕೆಂದು ಒಬ್ಬರೂ ಕೇಳಲಿಲ್ಲ.

ಅವರ ತಾಯಿಗೆ ಕಿವಿ ಮಂದ. ಅದಕ್ಕೇ ಮೊದಲ ಸಾಲಿನಲ್ಲಿ ಕೂರುತ್ತಿದ್ದರು, ಬಲಕ್ಕೆ ಮಗ, ಎಡಕ್ಕೆ ಮಗಳು. ಈಗ ಎಡಗಡೆ ತಮ್ಮ ಕೈಚೀಲ ಇಟ್ಟುಕೊಂಡು, ಅಲ್ಲಿ ಯಾರಾದರೂ ಕೂರಲು ಬಂದರೆ ದುರುಗುಟ್ಟಿ ನೋಡುತ್ತಿದ್ದರು. “ನಾನೇನು ಕೆಟ್ಟ ತಕ್ಕಡಿನಾ? ಒಂದೇ ಕಡೆ ಭಾರ ಹಾಕ್ಕೊಂಡು ಕೂತಿದೀನಿ” ಎಂದು ಮಗನಿಗೆ ಪಿಸುಗುಟ್ಟಿದರು. ಅವರ ಪಿಸುಮಾತು ಬಾಗಿಲ ತನಕ ಕೇಳಿಸುತ್ತದೆ.

ಪಾಸ್ಟರೂ ಕೇಳಿಸಿಕೊಂಡರು. “ಆ ಜಾಗಕ್ಕೆ ನಿಮ್ಮ ತಂಗಿ ಬರೋ ತನಕ ನಿಮ್ಮ ಐದು ನಿಮಿಷಕ್ಕೆ ರಜ” ಎಂದರು. “ಬಲಿಪೀಠದ ಮುಂದೆ ಕಾಣಿಕೆ ಬಿಟ್ಟು, ಮೊದಲು ಸಹೋದರನ ಹತ್ರ ಹೋಗಿ ರಾಜಿ ಮಾಡ್ಕೋ ಅಂತಿದೆಯಲ್ಲ?”

“ಅದು ಸಹೋದರ...”

“ಸಹೋದರಿಗೂ ಸಲ್ಲುತ್ತೆ.”

ಅಣ್ಣ ಹೋಗದೆ ಇರಲಿಲ್ಲ. ಆದರೆ ಹೋದಾಗಲೆಲ್ಲ ಅವರ ಕ್ಷಮೆಯ ಹಿಂದೆ ಒಂದು ಬಾಲ ಇರುತ್ತಿತ್ತು. “ತಪ್ಪಾಯ್ತು ಪುಟ್ಟಿ. ಆದರೆ ಒಂದು ಯೋಚ್ನೆ ಮಾಡು, ನೀನು ಬಿದ್ದದ್ದರಿಂದ ಎಷ್ಟು ಜನ ಎದ್ದರು!” ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಬಾಗಿಲ ಮೇಲಿನ ಗಂಟೆ ಬಹಳ ಹೊತ್ತು ಅಲ್ಲಾಡುತ್ತಿತ್ತು.

ಹೀಗೆ ನಾಲ್ಕು ತಿಂಗಳು ಕಳೆದವು. ಬೇಕರಿಗೆ ರಜೆಯಿದ್ದ ಒಂದು ಬೆಳಿಗ್ಗೆ ಅವರು ಮತ್ತೆ ಹೊರಟರು. ಬಾಗಿಲಿಗೆ ಚಿಲಕ ಬಿದ್ದಿತ್ತು. ಗಾಜಿಗೆ ಹಣೆ ಒತ್ತಿ ನೋಡಿದರೆ ಒಳಗೆಲ್ಲ ಹೊಗೆ.

“ಪುಟ್ಟೀ!” ಉತ್ತರವಿಲ್ಲ. ಇನ್ನೊಮ್ಮೆ ಕೂಗಿದರು. ಬಾಗಿಲ ನಡುವೆ ಅಂಚೆ ಹಾಕಲು ಹಿತ್ತಾಳೆ ಚೌಕಟ್ಟಿನ ಸೀಳು ಇತ್ತು, ಅದರ ಕೆಳಗೆ ಒಳಗಡೆ ಚಿಲಕ. ಅವರು ಹಿಂದುಮುಂದು ನೋಡದೆ ತೋಳು ತೂರಿಸಿದರು. ಬೆರಳ ತುದಿಗೂ ಚಿಲಕಕ್ಕೂ ಒಂದು ಉಗುರಿನಷ್ಟು ಅಂತರ ಉಳಿಯಿತು. ಇನ್ನಷ್ಟು ತುರುಕಿದರು. ಮೊಣಕೈ ಒಳಗೆ ಹೋಯಿತು.

ಆ ಸೀಳಿಗೆ ಒಳಮುಖವಾಗಿ ತೆರೆಯುವ ಸ್ಪ್ರಿಂಗ್ ಮುಚ್ಚಳವಿತ್ತು. ಒಳಗೆ ಹೋಗುವುದಕ್ಕೆ ಅದು ವಿನಯದಿಂದ ದಾರಿ ಬಿಡುತ್ತದೆ. ಹಿಂದಕ್ಕೆ ಎಳೆದರೆ ಅಂಚಿನಿಂದ ಕಚ್ಚುತ್ತದೆ. ಹೃದಯದ ಕವಾಟಗಳೂ ಹೀಗೇ ಒಂದೇ ದಿಕ್ಕಿಗೆ ಬಿಡುತ್ತವೆ, ಆದರೆ ಅಲ್ಲಿ ಮಧ್ಯೆ ಯಾರೂ ಮೊಣಕೈ ಇಡುವುದಿಲ್ಲ. ಎಳೆದಷ್ಟೂ ತೋಳು ಊದಿತು, ಊದಿದಷ್ಟೂ ಬಿಗಿಯಿತು.

ತಂಗಿ ಹಿತ್ತಲಿನಲ್ಲಿ ಹಿಟ್ಟಿನ ಮೂಟೆ ಇಳಿಸಿಕೊಳ್ಳುತ್ತಿದ್ದಳು. ಸುಟ್ಟ ವಾಸನೆ ಬಂದು ಓಡಿ ಬಂದವಳು ಒಲೆ ಆರಿಸಿ, ತಟ್ಟೆ ಹೊರಗೆಳೆದು, ಕಿಟಕಿ ತೆರೆದು, ಕಣ್ಣೊರೆಸಿಕೊಂಡು ತಿರುಗಿದರೆ, ತನ್ನ ಬಾಗಿಲಿನ ಮಧ್ಯದಿಂದ ಒಂದು ಕೈ ಬೆಳೆದು ಗಾಳಿಯನ್ನು ತಡಕುತ್ತಿದೆ. ಲಟ್ಟಣಿಗೆ ಎತ್ತಿದಳು. ಆಗ ಕಿರುಬೆರಳಿನ ಮೇಲಿನ ಹಳೇ ಗಾಯದ ಗುರುತು ಕಂಡಿತು. ಚಿಕ್ಕಂದಿನಲ್ಲಿ ಅವಳೇ ಕಚ್ಚಿದ್ದು.

“ಅಣ್ಣಾ?”

“ಪುಟ್ಟಿ! ಬದುಕಿದೀಯಾ?”

“ಬದುಕಿಲ್ದೆ ಮಾತಾಡ್ತಿದೀನಾ? ನನ್ನ ಬಾಗಿಲಿಗೆ ಯಾಕೆ ಕೈ ಹಾಕಿದೀಯ?”

“ಹೊಗೆ ಕಾಣಿಸ್ತು. ಕೂಗಿದೆ, ನೀನು ಓ ಅನ್ನಲಿಲ್ಲ. ಒಳಗೆ ಬಿದ್ದಿದೀಯೇನೋ ಅಂತ...” ಮುಂದಿನ ಮಾತು ಬಾಗಿಲಿನ ಆಚೆಯೇ ನಿಂತಿತು.

ತಂಗಿ ತಟ್ಟೆಯ ಕಡೆ ನೋಡಿದಳು. ಆ ಮದುವೆಯ ನಂತರ ಮೊದಲ ಸಲ ದೊಡ್ಡ ಕೇಕಿನ ತಳ ಬೇಯಿಸಲು ಧೈರ್ಯ ಮಾಡಿದ್ದಳು. “ಬಿದ್ದಿಲ್ಲ. ಕೇಕಿನ ತಳ ಹೊತ್ತಿದೆ, ಅಷ್ಟೆ.”

ಹೊರಗೆ ಸದ್ದಿಲ್ಲ. ಆ ಮೌನ ಅವಳಿಗೆ ಚೆನ್ನಾಗಿ ಗೊತ್ತು.

“ಅಣ್ಣ, ಬೇಡ.”

“ನಾನೇನೂ ಹೇಳಲಿಲ್ಲ!”

“ಯೋಚ್ನೆ ಮಾಡ್ತಿದೀಯ. ಬೆರಳು ಎದ್ದಿದೆ.”

ನಿಜ. ತೋರುಬೆರಳು ಪೀಠದ ಮೇಲೆ ಏಳುವ ಹಾಗೆ ತನ್ನಷ್ಟಕ್ಕೆ ಎದ್ದು ನಿಂತಿತ್ತು. ಅದು ನಿಧಾನಕ್ಕೆ ಮಡಚಿಕೊಂಡಿತು.

“ಒಳಗೆ ಬರಬಹುದಾ?” ಎಂದರು ಅಣ್ಣ.

“ಒಂದು ಭಾಗ ಆಗ್ಲೇ ಬಂದಿದೆಯಲ್ಲ” ಎನ್ನುತ್ತ ತಂಗಿ ಚಿಲಕ ತೆಗೆದಳು. ಬಾಗಿಲು ಒಳಕ್ಕೆ ತೆರೆಯಿತು, ಅದರೊಂದಿಗೆ ಅವರೂ ಬಗ್ಗಿಕೊಂಡು, ಅಡ್ಡಡ್ಡ ಹೆಜ್ಜೆ ಇಡುತ್ತ ಬಂದರು. ನಾಲ್ಕು ತಿಂಗಳಿಂದ ತಮ್ಮ ಪಾಲಿಗೆ ಮುಚ್ಚಿದ್ದ ಬಾಗಿಲನ್ನು ಅವರು ದಾಟಿದ್ದು ಬಾಗಿಲಿನ ಒಂದು ಭಾಗವಾಗಿ.

ತಂಗಿ ಬೋಗುಣಿ ತುಂಬ ಬೆಣ್ಣೆ ತಂದಳು. “ಇಷ್ಟು ದಿನ ನೀನು ನನಗೆ ಬೆಣ್ಣೆ ಹಚ್ಚೋಕೆ ಬರ್ತಿದ್ದೆ. ಈಗ ನೋಡು, ನಾನೇ ಹಚ್ಚೋ ಹಾಗಾಯ್ತು.” ಹಚ್ಚಿ ಎಳೆದಳು. ಬೆಣ್ಣೆ ಘರ್ಷಣೆಯನ್ನು ಕಡಿಮೆ ಮಾಡಬಲ್ಲದು, ಊತವನ್ನಲ್ಲ. ತೋಳು ಘಮಘಮಿಸಿತೇ ಹೊರತು ಜರುಗಲಿಲ್ಲ.

ಹೊಗೆ ಕಂಡ ಔಷಧದಂಗಡಿಯವರು ಅಗ್ನಿಶಾಮಕದವರಿಗೆ ಫೋನ್ ಮಾಡಿದ್ದರು. ಕೆಂಪು ಗಾಡಿಯ ಹಿಂದೆಯೇ ಅರ್ಧ ಸಭೆ ಬಂದು ನೆರೆಯಿತು, ಯಾರದೋ ಜೊತೆ ಪತ್ರಿಕೆಯ ಫೋಟೋದವನೂ ಬಂದ. ವರ್ಷಗಟ್ಟಲೆ ಪಾಠ ಕೇಳಿದವರು ಸುಮ್ಮನೆ ನಿಲ್ಲುವುದುಂಟೇ?

“ಇಕ್ಕಟ್ಟಾದ ಬಾಗಿಲಿಂದ ಒಳಗೆ ಹೋಗಿ ಅಂತಿದೆ. ಇವರು ಸ್ವಲ್ಪ ಜಾಸ್ತಿನೇ ಪಾಲಿಸಿದ್ರು” ಎಂದರು ಔಷಧದಂಗಡಿಯವರು.

“ಬಲಗೈ ಮಾಡೋದು ಎಡಗೈಗೆ ತಿಳೀಬಾರದು ಅಲ್ವಾ?” ಎಂದಳು ಕ್ಷೌರದಂಗಡಿಯಾಕೆ, ಚರಂಡಿಯ ಸಾಲವನ್ನು ಬಡ್ಡಿ ಸಮೇತ ತೀರಿಸುತ್ತ. “ತಿಳಿಯೋದಾದ್ರೂ ಹೇಗೆ? ಬಲಗೈ ಬಾಗಿಲಿನ ಆ ಕಡೆ, ಎಡಗೈ ಈ ಕಡೆ!”

ಸಭೆಯ ಹಿರಿಯರೊಬ್ಬರು, ಅಗ್ನಿಶಾಮಕದವನು ಕತ್ತರಿಸುವ ಯಂತ್ರ ಎತ್ತಿದ ಹೊತ್ತಿಗೇ ಸರಿಯಾಗಿ, “ನಿನ್ನ ಕೈ ನಿನ್ನನ್ನು ಪಾಪದಲ್ಲಿ ಸಿಕ್ಕಿಸಿದರೆ...” ಎಂದು ಗಂಭೀರವಾಗಿ ಆರಂಭಿಸಿದರು.

“ಅಯ್ಯಾ, ಆ ವಾಕ್ಯ ಬೇಡ! ಮುಂದೆ ‘ಕತ್ತರಿಸಿಬಿಡು’ ಅಂತಿದೆ!” ಎಂದು ಅಣ್ಣ ಕಿರುಚಿದರು. ಬೀದಿ ನಗೆಯಲ್ಲಿ ತುಂಬಿಹೋಯಿತು. ಅವರು ತಗ್ಗಿದ ದನಿಯಲ್ಲಿ ತಂಗಿಯನ್ನು ಕೇಳಿದರು, “ಹೀಗೇ ಇರುತ್ತಾ?”

“ಹೀಗೇ. ನಂದು ಕೇಕು, ನಿಂದು ಕೈ.”

“ನೋಯುತ್ತೆ ಪುಟ್ಟಿ.”

“ಕೈನಾ?”

“ಕೈ ಅಲ್ಲ.” ತಂಗಿಯ ಕಡೆ ತಿರುಗಿ, “ತಪ್ಪಾಯ್ತು” ಎಂದರು.

ತಂಗಿ ಬೆಣ್ಣೆ ಕೈಯಲ್ಲೇ ನಿಂತು ‘ಆದರೆ’ಗಾಗಿ ಕಾದಳು. ಅದು ಬರಲಿಲ್ಲ. ಅಗ್ನಿಶಾಮಕದವನು ಒಮ್ಮೆ ಜೋರಾಗಿ ಎಳೆದಾಗ ‘ಅಮ್ಮಾ’ ಬಂತು.

“ಭಾನುವಾರ ಬರ್ತೀನಿ” ಎಂದಳು ಅವಳು. “ಒಂದು ಷರತ್ತು. ಇವತ್ತಿಂದು ಅಲ್ಲಿ ನಿಂತು ಹೇಳ್ಬೇಕು. ಯಾರೋ ಒಬ್ಬರು ಅನ್ಕೂಡದು, ನಿನ್ನ ಹೆಸರು ಹಿಡಿದು ಹೇಳು. ಪಾಠ ಬೇಡ.”

“ಪಾಠ ಇಲ್ದೆ ಹೇಗಮ್ಮ? ಅದು ಈಸ್ಟ್ ಇಲ್ಲದ ಬ್ರೆಡ್ಡು...”

“ಈಸ್ಟು ನನ್ನ ಕೆಲಸ, ನನಗೆ ಬಿಡು. ಪಾಠ ಅಂತ ಬಾಯಿಗೆ ಬಂದ್ರೆ ನಾನು ಎದ್ದು ಹೋಗ್ತೀನಿ. ಅಮ್ಮ ಮತ್ತೆ ಬ್ಯಾಗ್ ಇಟ್ಕೊಳ್ತಾಳೆ.”

ಕೊನೆಗೆ ಚೌಕಟ್ಟನ್ನೇ ಬಾಗಿಲಿನಿಂದ ಬಿಚ್ಚಿ, ತೋಳಿಗೆ ಹಿತ್ತಾಳೆ ಬಳೆ ತೊಡಿಸಿದಂತೆ ಅವರನ್ನು ಗಾಡಿ ಹತ್ತಿಸಿಕೊಂಡು ಹೋಗಿ, ಅಗ್ನಿಶಾಮಕ ಠಾಣೆಯಲ್ಲಿ ಅದನ್ನು ನಿಧಾನಕ್ಕೆ ಕತ್ತರಿಸಿ ತೆಗೆದರು.

ಮರುದಿನ ಬೆಳಿಗ್ಗೆ ಅವರು ಎಂದಿನಂತೆ ಕತ್ತರಿ ಹಿಡಿದು ಒಳಪುಟದ ಕೆಳಮೂಲೆಗೆ ಹೋದರು. ಅಲ್ಲಿ ಅವರೇ ಇದ್ದರು, ಅರ್ಧ ಬಾಗಿಲು, ಅರ್ಧ ಮನುಷ್ಯ. ಪತ್ರಿಕೆ ಹೆಸರು ಹಾಕಿರಲಿಲ್ಲ. ‘ಕನ್ನಡಕದ ವ್ಯಾಪಾರಿಯೊಬ್ಬರು’ ಎಂದಷ್ಟೇ ಬರೆದಿತ್ತು. ಊರಿನಲ್ಲಿ ಕನ್ನಡಕದಂಗಡಿ ಇದ್ದದ್ದು ಒಂದೇ. ಅವರು ಕತ್ತರಿಯನ್ನು ಕೆಳಗಿಟ್ಟರು.

ಭಾನುವಾರ ತಾಯಿಯ ಕೈಚೀಲ ನೆಲಕ್ಕಿಳಿದಿತ್ತು. ಅದರ ಜಾಗದಲ್ಲಿ ಮಗಳು ಕುಳಿತಿದ್ದಳು. ಅಣ್ಣ ಮುಂದೆ ಬಂದು ನಿಂತಾಗ ಪಾಸ್ಟರು ಕುರ್ಚಿಯ ತುದಿಗೆ ಬಂದರು. ಅಣ್ಣ ಮೊದಲು ತಮ್ಮ ಹೆಸರು ಹೇಳಿದರು, ನ್ಯಾಯಾಲಯದಲ್ಲಿ ಹೇಳುವ ಹಾಗೆ ಅಪ್ಪನ ಹೆಸರು ಸಮೇತ. ನಾಲ್ಕು ತಿಂಗಳ ಹಿಂದೆ ಇದೇ ಜಾಗದಲ್ಲಿ ನಿಂತು ತಂಗಿಯ ಮೇಲೆ ಆಡಿದ ಮಾತು ಹೇಳಿದರು. ಮದುವೆಯ ದಿನ ಫ್ಯಾನು ಆರಿಸಿದ್ದನ್ನು ತಾವು ನೋಡಿದ್ದನ್ನೂ, ಪಾಠ ಕೆಡುತ್ತದೆಂದು ಆ ಮಾತು ಬಿಟ್ಟದ್ದನ್ನೂ ಹೇಳಿದರು. ಹೊಗೆ, ತೋಳು, ಬೆಣ್ಣೆ, ಬಳೆ ಎಲ್ಲವನ್ನೂ ಹೇಳಿದರು. ಹೊತ್ತಿದ ಕೇಕಿನ ಮಾತು ಎತ್ತಲಿಲ್ಲ. ನಗಬೇಕಾದ ಕಡೆ ಸಭೆ ನಕ್ಕಿತು. ಆದರೆ ಯಾರೂ ಯಾರ ಕಡೆಗೂ ತಿರುಗಿ ನೋಡಲಿಲ್ಲ, ನೋಡಬೇಕಾದವರು ಎದುರಿಗೇ ನಿಂತಿದ್ದರಲ್ಲ.

“ಬಾಗಿಲು ತೆರೀತು, ನಾನು ಒಳಗೆ ಹೋದೆ” ಎಂದು ಮುಗಿಸಿದರು. ಸಭೆ ಪಾಠಕ್ಕಾಗಿ ಕಾದಿತು. ಅಷ್ಟು ವರ್ಷಗಳ ರೂಢಿ ಅವರ ನಾಲಿಗೆಯ ಮೇಲೆ ಬಂದು ಕುಳಿತಿತು. “ಇದರಿಂದ ನಾವು...” ತೋರುಬೆರಳು ಮೇಲೆದ್ದಿತು.

ಮೊದಲ ಸಾಲಿನಲ್ಲಿ ತಂಗಿ ಬೆಂಚಿನ ಅಂಚು ಹಿಡಿದು ಅರ್ಧ ಎದ್ದಳು. ತಾಯಿ ಕೈಚೀಲಕ್ಕೆ ಬಗ್ಗಿದರು.

ಅಣ್ಣ ತಮ್ಮ ಬೆರಳನ್ನು ನೋಡಿದರು. ಎಡಗೈಯಿಂದ ಅದನ್ನು ಹಿಡಿದು ಕೆಳಗಿಳಿಸಿ, ಜೇಬಿಗೆ ಹಾಕಿಕೊಂಡರು. “ಇದರಿಂದ ನನ್ನ ತೋಳು ಇನ್ನೂ ನೋಯ್ತಿದೆ” ಎಂದು ಹೇಳಿ, ಬಂದು ತಾಯಿಯ ಬಲಗಡೆ ಕುಳಿತುಬಿಟ್ಟರು.

ತಂಗಿಯೂ ಕುಳಿತಳು. ಪಾಸ್ಟರು ಪ್ರಸಂಗಕ್ಕೆ ಎದ್ದರು, ಕೈಯಲ್ಲಿದ್ದ ಕಾಗದ ನೋಡಿದರು, ಯಾಕೋ ಅದನ್ನು ಮಡಚಿದರು. ಆ ನಿಶ್ಶಬ್ದದಲ್ಲಿ ತಾಯಿ ಮಗಳ ಕಡೆ ವಾಲಿ ಪಿಸುಗುಟ್ಟಿದರು. ಕೊನೆಯ ಸಾಲಿನವರಿಗೂ ಕೇಳಿಸಿತು.

“ಪಾಠ ಏನಂತೆ?”

“ಇವತ್ತು ಇಲ್ವಂತೆ ಅಮ್ಮ.”

“ಇಲ್ವಾ?” ತಾಯಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು. “ಹಾಗಾದ್ರೆ ಇನ್ನೊಂದ್ಸಲ ಹೇಳಕ್ಕೆ ಹೇಳು. ನಾನೇ ಹುಡುಕ್ತೀನಿ.”